ಚಿಕ್ಕಪ್ಪನ ಕಿಡ್ನಿಗೆ ಯಾರು ಕಾರಣ?

ಈ ಕಡೆ ತಲೆ ಹಾಕಿ ನಾಲ್ಕು ತಿಂಗಳಾಯ್ತು. “ಏನ್ರೀ, ಬರೆಯೋದು ಬಿಟ್ಟೇಬಿಟ್ರಾ?” ಅಂತ ಇಬ್ಬರು ಮೈಲ್ ಕೂಡ ಹಾಕಿದ್ದರು. ಬಿಟ್ಟಿಲ್ಲ ಸ್ವಾಮಿ. ಆಫೀಸಿನಲ್ಲಿ ರಿಲೀಸು, ಮನೆಯಲ್ಲಿ ಆಸ್ಪತ್ರೆ... ಇವೆರಡರ ಮಧ್ಯೆ ಕೀಬೋರ್ಡಿನ ಮೇಲೆ ಕನ್ನಡ ಅಕ್ಷರ ಬೀಳಲಿಲ್ಲ, ಅಷ್ಟೇ. ಇವತ್ತು ಬರೆಯುತ್ತಿರುವುದು ಮಳೆ, ಮಸಾಲೆದೋಸೆ, ಟ್ರೆಕ್ಕಿಂಗು ಯಾವುದರ ಬಗ್ಗೆಯೂ ಅಲ್ಲ. ಕಿಡ್ನಿ ಕ್ಯಾನ್ಸರ್ ಯಾಕೆ ಬರುತ್ತೆ ಅನ್ನೋದರ ಬಗ್ಗೆ. ಬೇಡ ಅನ್ನಿಸಿದವರು ಮುಂದಿನ ವಾರ ಬನ್ನಿ, ಕುಮಾರಪರ್ವತದ ಕಥೆ ಬಾಕಿ ಇದೆ :)

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರಲ್ಲ. ಓದಿದ್ದು ಇಂಜಿನಿಯರಿಂಗು. ಬಯಾಲಜಿ ಪಿಯುಸಿಯ ಜೊತೆಗೇ ಮುಗಿದಿತ್ತು. ಆದರೆ ಮನೆಯಲ್ಲಿ ಒಬ್ಬರಿಗೆ ಕಾಯಿಲೆ ಬಂದಾಗ ಎಲ್ಲರೂ ಅರ್ಧ ಡಾಕ್ಟರಾಗ್ತಾರೆ ನೋಡಿ, ನಾನೂ ಆದೆ. ಡಾಕ್ಟರ ಹತ್ತಿರ ಕೇಳಿದ್ದು, ರಾತ್ರಿ ಕೂತು ಓದಿದ್ದು, ಎಲ್ಲಾ ಸೇರಿಸಿ ಬರೀತಿದೀನಿ.

ನಮ್ಮ ಚಿಕ್ಕಪ್ಪನಿಗೆ 57 ವರ್ಷ. ತಿಪಟೂರು ಕಡೆಯ ನಮ್ಮ ಹಳ್ಳಿಯಿಂದ 1988ರಲ್ಲಿ ಬೆಂಗಳೂರಿಗೆ ಬಂದು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದವರು. ಲಗ್ಗೆರೆಯಲ್ಲಿ ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ, ಒಬ್ಬಳೇ ಮಗಳು, ಈಗ ಎಂ.ಕಾಂ. ಓದ್ತಿದಾಳೆ. ಊಟ ಆದಮೇಲೆ ಹೊಟ್ಟೆ ಉಬ್ಬರ ಅಂತ ಹೋದವರಿಗೆ ಡಾಕ್ಟರು, ಪಿತ್ತಕೋಶದಲ್ಲಿ ಕಲ್ಲಿರಬಹುದು ಅಂತ ಅಲ್ಟ್ರಾಸೌಂಡ್ ಬರೆದುಕೊಟ್ಟರು. ಪಿತ್ತಕೋಶದಲ್ಲಿ ಏನೂ ಇರಲಿಲ್ಲ. ಎಡ ಕಿಡ್ನಿಯಲ್ಲಿ ಸುಮಾರು 4 ಸೆಂಟಿಮೀಟರಿನ ಒಂದು ಗಡ್ಡೆ ಇತ್ತು. ಸಿ.ಟಿ. ಸ್ಕ್ಯಾನ್ ಆಯ್ತು, ಆಪರೇಷನ್ ಆಯ್ತು. ಪೂರ್ತಿ ಕಿಡ್ನಿ ತೆಗೆಯದೆ ಗಡ್ಡೆ ಇದ್ದ ಭಾಗವನ್ನಷ್ಟೇ ತೆಗೆದರು. ಈಗ ಆರಾಮಾಗಿದಾರೆ, ಬೆಳಿಗ್ಗೆ ಹಾಲು ತರೋಕೆ ಅವರೇ ಹೋಗ್ತಾರೆ. ಆದ್ದರಿಂದ ಯಾರೂ ಹೆದರಿಕೊಂಡು ಓದಬೇಕಾಗಿಲ್ಲ.

ಕಷ್ಟ ಶುರುವಾಗಿದ್ದು ಆಪರೇಷನ್ ಆದಮೇಲೆ, ನೋಡೋಕೆ ಅಂತ ನೆಂಟರು ಬರಲು ಶುರುವಾದಾಗ.

“ನೀರೇ ಕುಡೀತಿರಲಿಲ್ಲ, ಅದಕ್ಕೇ.” “ಟೊಮೇಟೊ ಬೀಜ ಕಣ್ರೀ, ಹೋಗಿ ಕಿಡ್ನೀಲಿ ಕೂತ್ಕೊಳತ್ತೆ.” “ಬೋರ್‌ವೆಲ್ ನೀರು.” “ಯಾವಾಗ್ಲೋ ನಾಗರಹಾವು ಹೊಡೆದಿರಬೇಕು ನಿಮ್ಮ ವಂಶದಲ್ಲಿ ಯಾರೋ.” ಒಬ್ಬೊಬ್ಬರದು ಒಂದೊಂದು ಥಿಯರಿ. ನನ್ನ ಸೋದರತ್ತೆ, ಅಂದರೆ ಚಿಕ್ಕಪ್ಪನ ಅಕ್ಕ, ಎಲ್ಲರಿಗಿಂತ ಸರಳವಾಗಿ ಮುಗಿಸಿಬಿಟ್ಟರು. “ಮೂರು ಹೊತ್ತೂ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ. ಮಾಡಿ ಹಾಕೋರು ಹಾಕ್ತಿದ್ರೆ ಅವನಾದ್ರೂ ಏನ್ ಮಾಡ್ತಾನೆ?”

ಚಿಕ್ಕಮ್ಮ ಅಡಿಗೆಮನೆಯಲ್ಲಿ ಕಾಫಿ ಸೋಸ್ತಾ ಇದ್ದರು. ಕೇಳಿಸಿಕೊಂಡರು. ಏನೂ ಮಾತಾಡಲಿಲ್ಲ. ಮಾರನೆಯ ವಾರ ನಾನು ಹೋದಾಗ ಅಟ್ಟದ ಮೇಲಿನ ಎರಡೂ ಜಾಡಿ ಖಾಲಿಯಾಗಿ, ತೊಳೆದು, ಟೆರೇಸಿನಲ್ಲಿ ಬೋರಲು ಹಾಕಿದ್ದವು. “ನನ್ನಿಂದ್ಲೇ ಆಯ್ತೇನಪ್ಪಾ?” ಅಂತ ಕೇಳಿದರು. ಕೇಳಿದ ರೀತಿ ಹೇಗಿತ್ತು ಅಂದರೆ, ಹೌದು ಅಂದಿದ್ದರೆ ಒಪ್ಪಿಕೊಂಡುಬಿಡ್ತಿದ್ದರು. ಅದೇ ದಿನ ತಂಗಿ ಬಸ್‌ಸ್ಟಾಪಿನ ತನಕ ಬಂದು, “ಅಣ್ಣಾ, ಇದು ನಂಗೂ ಬರತ್ತಾ?” ಅಂದಳು.

ಈ ಎರಡು ಪ್ರಶ್ನೆಗೆ ಉತ್ತರ ಹುಡುಕೋದಕ್ಕೆ ಅಂತಲೇ ನಾನು ಓದೋಕೆ ಶುರು ಮಾಡಿದ್ದು.

*

ನಮ್ಮ ಆಫೀಸುಗಳಲ್ಲಿ ಏನಾದರೂ ಕೆಟ್ಟರೆ ಐದು ಸಲ “ಯಾಕೆ” ಕೇಳು ಅಂತಾರೆ. ಟೊಯೋಟಾದವರಿಂದ ಬಂದ ಪದ್ಧತಿ. ಸರ್ವರ್ ಯಾಕೆ ಬಿತ್ತು? ಮೆಮೊರಿ ತುಂಬಿತು. ಯಾಕೆ ತುಂಬಿತು? ಹೀಗೆ ಕೇಳ್ತಾ ಹೋದರೆ ಕೊನೆಗೆ ಒಂದು ಸಾಲು ಕೋಡು ಸಿಗುತ್ತೆ, ಅದನ್ನು ಸರಿ ಮಾಡಿ ಎಲ್ಲರೂ ಕಾಫಿಗೆ ಹೋಗ್ತೀವಿ. ಮನುಷ್ಯನ ದೇಹದಲ್ಲಿ ಆ ಒಂದು ಸಾಲು ಸಿಗಲ್ಲ. ಡಾಕ್ಟರುಗಳು “ಕಾರಣ” ಅನ್ನೋ ಪದಕ್ಕಿಂತ ಹೆಚ್ಚಾಗಿ “ರಿಸ್ಕ್ ಫ್ಯಾಕ್ಟರ್” ಅನ್ನೋದು ಅದಕ್ಕೇ. ಇದಿದ್ದರೆ ಬಂದೇ ಬರುತ್ತೆ ಅಂತಲ್ಲ, ಇಲ್ಲದಿದ್ದರೆ ಬರೋದೇ ಇಲ್ಲ ಅಂತಲೂ ಅಲ್ಲ. ಸಾಧ್ಯತೆ ಜಾಸ್ತಿ, ಅಷ್ಟೇ. ಅಪಾಯಾಂಶ ಅಂತ ಕನ್ನಡ ಮಾಡಿಕೊಳ್ಳಬಹುದೇನೋ.

ಮೊದಲು ಕಿಡ್ನಿ ಏನು ಮಾಡುತ್ತೆ ಅಂತ ನೋಡೋಣ. ಒಂದೊಂದು ಸುಮಾರು 150 ಗ್ರಾಂ. ಆದರೆ ಹೃದಯ ಪಂಪ್ ಮಾಡುವ ರಕ್ತದಲ್ಲಿ ಐದರಲ್ಲಿ ಒಂದು ಪಾಲು ಈ ಎರಡು ಅಂಗಗಳಿಗೇ ಹೋಗುತ್ತೆ. ಒಂದೊಂದರಲ್ಲೂ ಹತ್ತಿರ ಹತ್ತಿರ 10 ಲಕ್ಷ ನೆಫ್ರಾನ್‌ಗಳು. ದಿನಕ್ಕೆ 180 ಲೀಟರಿನಷ್ಟು ದ್ರವ ಸೋಸಿ, ಅದರಲ್ಲಿ ಒಂದೂವರೆ ಎರಡು ಲೀಟರ್ ಮಾತ್ರ ಆಚೆ ಬಿಟ್ಟು, ಮಿಕ್ಕಿದ್ದನ್ನೆಲ್ಲ ವಾಪಸ್ ಎಳೆದುಕೊಳ್ಳುತ್ತವೆ. ಈ ವಾಪಸ್ ಎಳೆದುಕೊಳ್ಳುವ ಕೆಲಸ ಮಾಡೋದು ನೆಫ್ರಾನಿನ ಸಣ್ಣ ಸಣ್ಣ ಕೊಳವೆಗಳು. ನಾವು ತಿಂದಿದ್ದು, ಕುಡಿದಿದ್ದು, ಉಸಿರಾಡಿದ್ದು ಎಲ್ಲದರ ಕಸವೂ ಇಲ್ಲೇ ಹಾದುಹೋಗಬೇಕು. ದೊಡ್ಡವರಿಗೆ ಬರುವ ಕಿಡ್ನಿ ಕ್ಯಾನ್ಸರುಗಳಲ್ಲಿ ಹತ್ತರಲ್ಲಿ ಒಂಬತ್ತರಷ್ಟು ಹುಟ್ಟೋದು ಈ ಕೊಳವೆಗಳ ಗೋಡೆಯ ಜೀವಕೋಶಗಳಲ್ಲಿ. ಅವುಗಳಲ್ಲಿ ಬಹುಪಾಲು “ಕ್ಲಿಯರ್ ಸೆಲ್” ಅನ್ನೋ ಜಾತಿ. ಜೀವಕೋಶದೊಳಗೆ ಕೊಬ್ಬು ತುಂಬಿರುತ್ತೆ, ಸ್ಲೈಡ್ ತಯಾರು ಮಾಡುವಾಗ ಅದು ತೊಳೆದುಹೋಗಿ ಮೈಕ್ರೋಸ್ಕೋಪಿನಲ್ಲಿ ಖಾಲಿ ಖಾಲಿ ಕಾಣುತ್ತೆ, ಅದಕ್ಕೇ ಆ ಹೆಸರು. ಚಿಕ್ಕಪ್ಪನದೂ ಅದೇ.

ಪ್ರಪಂಚದಲ್ಲಿ 2022ರಲ್ಲಿ 4.3 ಲಕ್ಷಕ್ಕೂ ಹೆಚ್ಚು ಜನರಿಗೆ ಹೊಸದಾಗಿ ಕಿಡ್ನಿ ಕ್ಯಾನ್ಸರ್ ಪತ್ತೆಯಾಯಿತು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜು. ಹೆಂಗಸರಿಗಿಂತ ಗಂಡಸರಿಗೆ ಸುಮಾರು ಎರಡರಷ್ಟು. ಜೆಕ್, ಲಿಥುವೇನಿಯಾ, ಬೆಲಾರೂಸ್ ಕಡೆ ಬಹಳ ಜಾಸ್ತಿ. ನಮ್ಮ ದೇಶದಲ್ಲಿ ಆ ಪ್ರಮಾಣಕ್ಕೆ ಹೋಲಿಸಿದರೆ ಬಹಳ ಕಡಿಮೆ.

*

ಈಗ ನನಗೆ ತುಂಬ ಹಿಡಿಸಿದ ಭಾಗ. ಸಾಫ್ಟ್‌ವೇರಿನವರಿಗೆ ಬೇಗ ಅರ್ಥ ಆಗುತ್ತೆ.

ನಮ್ಮ ಮೂರನೇ ಕ್ರೋಮೋಸೋಮಿನಲ್ಲಿ ವಿಎಚ್‌ಎಲ್ ಅಂತ ಒಂದು ಜೀನ್ ಇದೆ. ಕಣ್ಣಿನ ಡಾಕ್ಟರ್ ವಾನ್ ಹಿಪ್ಪೆಲ್, ಸ್ವೀಡನ್ನಿನ ಪೆಥಾಲಜಿಸ್ಟ್ ಲಿಂಡೌ ಇಬ್ಬರ ಹೆಸರು ಸೇರಿ ಒಂದು ಅಪರೂಪದ ವಂಶವಾಹಿ ಕಾಯಿಲೆಗೆ ಆ ಹೆಸರು ಬಂತು. ಆ ಕುಟುಂಬಗಳಲ್ಲಿ ಕಣ್ಣು, ಮೆದುಳು, ಕಿಡ್ನಿಗಳಲ್ಲಿ ಗಡ್ಡೆಗಳಾಗ್ತವೆ. ಅವರನ್ನು ಪರೀಕ್ಷೆ ಮಾಡ್ತಾ ಮಾಡ್ತಾ 1993ರಲ್ಲಿ ಜೀನ್ ಯಾವುದು ಅಂತ ಗುರುತಿಸಿದರು. ಆಮೇಲೆ ನೋಡಿದರೆ, ವಂಶದಲ್ಲಿ ಯಾರಿಗೂ ಇಲ್ಲದ ಮಾಮೂಲಿ ಕ್ಲಿಯರ್ ಸೆಲ್ ಕ್ಯಾನ್ಸರುಗಳಲ್ಲೂ ಬಹುಪಾಲು ಇದೇ ಜೀನ್ ಕೆಟ್ಟಿತ್ತು!

ಈ ಜೀನಿನ ಕೆಲಸ ಏನು? ಜೀವಕೋಶಕ್ಕೆ ಆಮ್ಲಜನಕ ಕಡಿಮೆಯಾದಾಗ ಎಚ್‌ಐಎಫ್ ಅನ್ನೋ ಪ್ರೋಟೀನು ಕೂಗೆಬ್ಬಿಸುತ್ತೆ: “ಹೊಸ ರಕ್ತನಾಳ ಬೇಕು, ಬೇಗ ಹಾಕಿಸಿ” ಅಂತ. ಆಮ್ಲಜನಕ ಸಾಕಷ್ಟು ಇದ್ದಾಗ ವಿಎಚ್‌ಎಲ್ ಬಂದು ಎಚ್‌ಐಎಫ್‌ಗೆ ಕಸದ ಚೀಟಿ ಅಂಟಿಸಿ ಆಚೆ ಕಳಿಸುತ್ತೆ. ವಿಎಚ್‌ಎಲ್ ಕೆಟ್ಟರೆ? ಆಮ್ಲಜನಕ ಬೇಕಾದಷ್ಟಿದ್ದರೂ ಕೂಗು ನಿಲ್ಲಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಆಟೋಸ್ಕೇಲಿಂಗಿನ ಹೆಲ್ತ್ ಚೆಕ್ ಕೆಟ್ಟುಹೋಗಿ, ಲೋಡೇ ಇಲ್ಲದಿದ್ದರೂ ಹೊಸ ಹೊಸ ಸರ್ವರುಗಳು ಏಳ್ತಾನೇ ಇವೆ. ಬಿಲ್ಲು ಮಾತ್ರ ಏರ್ತಾ ಇದೆ. ದೇಹ ಆಮ್ಲಜನಕವನ್ನು ಹೇಗೆ ಅಳೆಯುತ್ತೆ ಅನ್ನೋ ಈ ಕಥೆಯನ್ನು ಬಿಡಿಸಿದ್ದಕ್ಕೆ ಕೇಲಿನ್, ರ್ಯಾಟ್‌ಕ್ಲಿಫ್, ಸೆಮೆಂಜಾ ಮೂವರಿಗೆ 2019ರಲ್ಲಿ ನೊಬೆಲ್ ಬಂತು. ಇದೇ ಎಳೆ ಹಿಡಿದು ಮಾಡಿದ ಬೆಲ್ಜುಟಿಫಾನ್ ಅನ್ನೋ ಮಾತ್ರೆಗೆ 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಒಂದು ಜೀನಿಗೆ ಎರಡು ಪ್ರತಿ ಇರುತ್ತೆ, ಅಪ್ಪನದೊಂದು ಅಮ್ಮನದೊಂದು. ಒಂದು ಕೆಟ್ಟರೆ ಇನ್ನೊಂದು ನಿಭಾಯಿಸುತ್ತೆ, ನಮ್ಮ ಬ್ಯಾಕಪ್ ಸರ್ವರಿನ ಹಾಗೆ. ಎರಡೂ ಹೋದರೆ ತೊಂದರೆ. ವಂಶವಾಹಿ ಕಾಯಿಲೆ ಇರುವವರು ಹುಟ್ಟುವಾಗಲೇ ಒಂದು ಪ್ರತಿ ಕಳೆದುಕೊಂಡಿರ್ತಾರೆ. ಮಿಕ್ಕವರಿಗೆ ಎರಡೂ ಜೀವಮಾನದಲ್ಲಿ ಒಂದೊಂದಾಗಿ ಹೋಗಬೇಕು.

ಮೊದಲನೆಯದು ಯಾವಾಗ ಹೋಗುತ್ತೆ? 2018ರಲ್ಲಿ ಬಂದ ಒಂದು ಸಂಶೋಧನೆ ಓದಿದಾಗ ನಾನು ಲ್ಯಾಪ್‌ಟಾಪ್ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಗಡ್ಡೆಗಳ ಡಿಎನ್‌ಎಯಲ್ಲಿ ಜಮೆಯಾದ ಬದಲಾವಣೆಗಳನ್ನು ಲೆಕ್ಕ ಹಾಕಿ, ಲಾಗ್ ಫೈಲಿನಲ್ಲಿ ಟೈಮ್ ಹುಡುಕಿದ ಹಾಗೆ ಹಿಂದಕ್ಕೆ ಹೋಗಿದಾರೆ. ಮೂರನೇ ಕ್ರೋಮೋಸೋಮಿನ ಆ ತುಂಡು ಕಳೆದುಹೋಗೋದು ಬಹಳ ಜನರಲ್ಲಿ ಬಾಲ್ಯದಲ್ಲೋ ಹದಿಹರೆಯದಲ್ಲೋ! ಅಂದರೆ ಕಾಯಿಲೆ ಗೊತ್ತಾಗೋದಕ್ಕೆ ಮೂವತ್ತು ನಲವತ್ತು ವರ್ಷ ಮೊದಲು. ಬೆರಳೆಣಿಕೆಯ ಕೆಲವು ನೂರು ಜೀವಕೋಶಗಳಲ್ಲಿ ಆಗಿ, ಸುಮ್ಮನೆ ಕೂತಿರುತ್ತೆ. ಎಷ್ಟೋ ಜನರಲ್ಲಿ ಹಾಗೇ ಕೂತಿದ್ದು ಏನೂ ಆಗದೆ ಹೋಗಿಬಿಡಬಹುದು. ಕೆಲವರಲ್ಲಿ ಮುಂದಿನ ಹೆಜ್ಜೆ ಬೀಳುತ್ತೆ.

ಚಿಕ್ಕಪ್ಪನ ಗಡ್ಡೆಗೆ ಇಂಥ ಪರೀಕ್ಷೆ ಯಾರೂ ಮಾಡಿಲ್ಲ. ಆದರೆ ಬಹುಪಾಲು ಜನರ ಹಾಗೆ ಅವರದೂ ಆಗಿದ್ದರೆ, ಇದರ ಮೊದಲ ಹೆಜ್ಜೆ ಬಿದ್ದಾಗ ಅವರು ಊರಿನ ಶಾಲೆಯಲ್ಲಿ ಮಗ್ಗಿ ಹೇಳ್ತಾ ಇದ್ದಿರಬೇಕು, ಇಲ್ಲಾ ಕೆರೆಯಲ್ಲಿ ಈಜ್ತಾ ಇದ್ದಿರಬೇಕು. ಚಿಕ್ಕಮ್ಮ ಅವರ ಮುಖ ಕೂಡ ನೋಡಿರಲಿಲ್ಲ.

*

ಸರಿ, ಮುಂದಿನ ಹೆಜ್ಜೆಗಳನ್ನು ತಳ್ಳೋದು ಏನು? ಒಂದೊಂದಾಗಿ ನೋಡೋಣ.

ಹೊಗೆ. ಬೀಡಿ ಸಿಗರೇಟು ಅಂದರೆ ಶ್ವಾಸಕೋಶ ಅಂತ ಮಾತ್ರ ನಮಗೆ ಗೊತ್ತು. ಆದರೆ ಹೊಗೆಯಲ್ಲಿನ ವಿಷ ರಕ್ತಕ್ಕೆ ಸೇರಿ ಕೊನೆಗೆ ಸೋಸೋಕೆ ಬರೋದು ಕಿಡ್ನಿಗೇ. ಸೇದುವವರಲ್ಲಿ ಕಿಡ್ನಿ ಕ್ಯಾನ್ಸರಿನ ಅಪಾಯ ಸೇದದವರಿಗಿಂತ ಸುಮಾರು ಮೂರನೇ ಒಂದರಿಂದ ಅರ್ಧದಷ್ಟು ಜಾಸ್ತಿ. ಬಿಟ್ಟರೆ ಕಡಿಮೆಯಾಗುತ್ತೆ, ಆದರೆ ನಿಧಾನ, ಹತ್ತು ವರ್ಷಕ್ಕೂ ಮೇಲೆ ಬೇಕು. ಚಿಕ್ಕಪ್ಪ ದಿನಕ್ಕೆ ಒಂದು ಕಟ್ಟು ಬೀಡಿ ಸೇದುತ್ತಿದ್ದವರು, ಮಗಳು ಹುಟ್ಟಿದ ವರ್ಷ ಬಿಟ್ಟರು.

ತೂಕ. ಎತ್ತರಕ್ಕೆ ತಕ್ಕ ತೂಕದ ಲೆಕ್ಕ ಬಿಎಂಐ ಇದೆಯಲ್ಲ, ಅದು 5 ಅಂಕ ಏರಿದರೆ ಗಂಡಸರಲ್ಲಿ ಅಪಾಯ ಕಾಲು ಭಾಗದಷ್ಟು, ಹೆಂಗಸರಲ್ಲಿ ಮೂರನೇ ಒಂದರಷ್ಟು ಏರುತ್ತೆ ಅಂತ ಅನೇಕ ಅಧ್ಯಯನಗಳನ್ನು ಸೇರಿಸಿ ಮಾಡಿದ 2008ರ ಲೆಕ್ಕ ಹೇಳುತ್ತೆ. ಕೂತೇ ಕೆಲಸ ಮಾಡುವ ನಾವೆಲ್ಲ ಇಲ್ಲಿ ಒಮ್ಮೆ ಹೊಟ್ಟೆ ಮುಟ್ಟಿ ನೋಡಿಕೊಳ್ಳೋದು ಒಳ್ಳೇದು :)

ಬಿಪಿ. ಇದು ನನಗೆ ಹೊಸ ವಿಷಯ. ಬಿಪಿಯಿಂದ ಕಿಡ್ನಿ ಕೆಡುತ್ತೆ ಅಂತ ಗೊತ್ತಿತ್ತು, ಕ್ಯಾನ್ಸರಿಗೂ ಸಂಬಂಧ ಇದೆ ಅಂತ ಗೊತ್ತಿರಲಿಲ್ಲ. ಸ್ವೀಡನ್ನಿನಲ್ಲಿ ಕಟ್ಟಡ ಕೆಲಸದ ಸುಮಾರು 3.6 ಲಕ್ಷ ಗಂಡಸರ ಆರೋಗ್ಯ ತಪಾಸಣೆಯ ದಾಖಲೆ ಇಟ್ಟುಕೊಂಡು, ವರ್ಷಾನುಗಟ್ಟಲೆ ಅವರ ಹಿಂದೆ ಬಿದ್ದು ಲೆಕ್ಕ ಹಾಕಿದ ಒಂದು ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಬಿಪಿ ಹೆಚ್ಚಿದ್ದಷ್ಟೂ ಕಿಡ್ನಿ ಕ್ಯಾನ್ಸರ್ ಹೆಚ್ಚು. ಅದಕ್ಕಿಂತ ಮುಖ್ಯ, ಕೆಲವು ವರ್ಷಗಳಲ್ಲಿ ಬಿಪಿ ಇಳಿದವರಲ್ಲಿ ಅಪಾಯವೂ ಇಳಿದಿತ್ತು.

ಮೊದಲೇ ಕೆಟ್ಟ ಕಿಡ್ನಿ. ವರ್ಷಾನುಗಟ್ಟಲೆ ಡಯಾಲಿಸಿಸ್ ಮಾಡಿಸಿಕೊಳ್ಳುವವರ ಕಿಡ್ನಿಯಲ್ಲಿ ನೀರುಗುಳ್ಳೆಗಳಾಗಿ, ಅವುಗಳಲ್ಲಿ ಕೆಲವು ಮುಂದೆ ಕ್ಯಾನ್ಸರ್ ಆಗಬಹುದು. ಅವರನ್ನು ಡಾಕ್ಟರುಗಳೇ ನಿಗಾ ಇಟ್ಟು ನೋಡ್ತಾರೆ.

ನೋವಿನ ಮಾತ್ರೆ. ಫಿನಾಸಿಟಿನ್ ಅಂತ ಒಂದು ಹಳೇ ನೋವಿನ ಔಷಧಿ ಇತ್ತು. ದಶಕಗಳ ಕಾಲ ಜನ ತಲೆನೋವಿಗೆ ನುಂಗಿದ್ದರು. ಮೂತ್ರ ಕೂಡಿಕೊಳ್ಳುವ ಕಿಡ್ನಿಯ ಒಳಚೀಲದಲ್ಲಿ ಕ್ಯಾನ್ಸರ್ ತರುತ್ತೆ ಅಂತ ಗೊತ್ತಾಗಿ ಅಮೆರಿಕದಲ್ಲಿ 1983ರಲ್ಲಿ ಹಿಂತೆಗೆದರು.

ಇನ್ನು ನೆಂಟರ ಪಟ್ಟಿ. ಮೂತ್ರ ತಡೆದುಕೊಳ್ಳೋದು, ಟೊಮೇಟೊ ಬೀಜ, ನೀರು ಕಡಿಮೆ ಕುಡಿಯೋದು... ಯಾವುದೂ ಈ ಕ್ಯಾನ್ಸರಿನ ಕಾರಣಗಳ ಪಟ್ಟಿಯಲ್ಲಿ ಇಲ್ಲ. ನೀರು ಕುಡಿಯಿರಿ, ಕಲ್ಲಾಗದಿರಲು ಅದು ಬೇಕು. ಆದರೆ ಅದು ಬೇರೆ ಕಥೆ.

*

ಒಂದು ದಿನ ಚಿಕ್ಕಪ್ಪನ ಹತ್ತಿರ ಕೂತು ಹಳೇ ಕೆಲಸದ ಬಗ್ಗೆ ಕೇಳಿದೆ. ಡಾಕ್ಟರು ಬೀಡಿ ಕೇಳಿದ್ದರು, ಬಿಪಿ ಕೇಳಿದ್ದರು. ಏನು ಕೆಲಸ ಮಾಡ್ತಿದ್ದಿರಿ ಅಂತ ಯಾರೂ ಕೇಳಿರಲಿಲ್ಲ.

“ಲೇತಲ್ಲಿ ಬಂದ ಪೀಸುಗಳಿಗೆ ಎಣ್ಣೆ ಜಿಡ್ಡು ಇರ್ತಿತ್ತಲ್ಲ, ಅದನ್ನ ತೆಗೀಬೇಕು. ಒಂದು ಟ್ಯಾಂಕು. ಕೆಳಗೆ ಕಾಯಿಸೋರು. ಬುಟ್ಟೀಲಿ ಪೀಸು ಹಾಕಿ ಇಳಿಬಿಟ್ರೆ ಎರಡು ನಿಮಿಷಕ್ಕೆ ಕನ್ನಡಿ ಥರ ಆಗೋದು ಕಣೋ.”

“ಟ್ಯಾಂಕಲ್ಲಿ ಏನಿರ್ತಿತ್ತು?”

“ಟ್ರೈಕ್ಲೋರೋ ಅಂತಿದ್ರು. ಒಂಥರಾ ಸಿಹಿ ವಾಸನೆ. ಜಾಸ್ತಿ ಹೊತ್ತು ನಿಂತ್ರೆ ತಲೆ ಗಿರ್ ಅನ್ನೋದು. ಆಚೆ ಬಂದು ಒಂದು ಬೀಡಿ ಸೇದಿದ್ರೆ ಸರಿ ಹೋಗೋದು.”

ಟ್ರೈಕ್ಲೋರೋಎಥಿಲೀನ್. ನಾನು ಓದಿದ ಪಟ್ಟಿಯಲ್ಲಿ ಅದರ ಹೆಸರು ಎರಡು ದಿನ ಮುಂಚೆಯಷ್ಟೇ ಕಂಡಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ಇದನ್ನು ಒಂದನೇ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತೆ ಅಂತ ಖಚಿತವಾದವುಗಳ ಗುಂಪಿಗೆ ಸೇರಿಸಿತು. ಯಾವ ಕ್ಯಾನ್ಸರ್? ಮುಖ್ಯವಾಗಿ ಕಿಡ್ನಿಯದು. ದೇಹ ಈ ರಾಸಾಯನಿಕವನ್ನು ಸಾಗಹಾಕೋಕೆ ಅಂತ ಬೇರೆ ರೂಪ ಮಾಡಿ ಕಿಡ್ನಿಗೆ ಕಳಿಸುತ್ತೆ. ಕಿಡ್ನಿಯ ಕೊಳವೆಗಳಲ್ಲಿರುವ ಕಿಣ್ವ ಅದನ್ನು ಒಡೆದು ಇನ್ನೂ ಕೆಟ್ಟ ವಿಷ ಮಾಡಿಬಿಡುತ್ತೆ. ಕಸ ಗುಡಿಸೋಕೆ ಹೋದವನೇ ಕಸಕ್ಕೆ ಬೆಂಕಿ ಇಟ್ಟ ಹಾಗೆ.

ಫ್ರಾನ್ಸಿನ ಆಲ್ಪ್ಸ್ ಪರ್ವತದ ತಪ್ಪಲಲ್ಲಿ ಆರ್ವ್ ಕಣಿವೆ ಅಂತ ಇದೆ. ನಮ್ಮ ಪೀಣ್ಯದ ಹಾಗೇ ಸಣ್ಣ ಸಣ್ಣ ವರ್ಕ್‌ಶಾಪುಗಳು, ಸ್ಕ್ರೂ ಮತ್ತು ಸಣ್ಣ ಬಿಡಿಭಾಗ ತಿರುಗಿಸುವ ಕೆಲಸ, ಜಿಡ್ಡು ತೆಗೆಯೋಕೆ ಇದೇ ದ್ರಾವಣ. ಅಲ್ಲಿ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಟ್ಟಾರೆ ಹೆಚ್ಚು ಪ್ರಮಾಣದಲ್ಲಿ ಇದಕ್ಕೆ ಒಡ್ಡಿಕೊಂಡವರಿಗೆ ಕಿಡ್ನಿ ಕ್ಯಾನ್ಸರಿನ ಅಪಾಯ ಸುಮಾರು ಎರಡರಷ್ಟಿತ್ತು. ಅಮೆರಿಕದ ನಾರ್ತ್ ಕ್ಯಾರೊಲಿನಾದ ಕ್ಯಾಂಪ್ ಲೆಜೂನ್ ಅನ್ನೋ ಸೈನಿಕ ನೆಲೆಯಲ್ಲಿ 1953ರಿಂದ 1987ರ ತನಕ ಇದು ಮತ್ತು ಇಂಥವೇ ರಾಸಾಯನಿಕಗಳು ಕುಡಿಯುವ ನೀರಿನಲ್ಲೇ ಸೇರಿದ್ದವು. ಅಲ್ಲಿದ್ದ ಸೈನಿಕರಿಗೆ ಕಿಡ್ನಿ ಕ್ಯಾನ್ಸರ್ ಬಂದರೆ, ನೀರಿನಿಂದಲೇ ಬಂತು ಅಂತ ಸಾಬೀತು ಮಾಡುವ ತಾಪತ್ರಯವಿಲ್ಲದೆ ಪರಿಹಾರ ಕೊಡಬೇಕು ಅಂತ 2017ರಲ್ಲಿ ನಿಯಮವಾಯಿತು.

ಚಿಕ್ಕಪ್ಪ ಆ ಟ್ಯಾಂಕಿನ ಹತ್ತಿರ ನಿಂತಿದ್ದು ಸುಮಾರು ಒಂಬತ್ತು ವರ್ಷ. ಕಾರ್ಖಾನೆ 2011ರಲ್ಲಿ ಮುಚ್ಚಿತು. ಆ ಶೆಡ್ಡಿನಲ್ಲಿ ಈಗ ಯಾರದೋ ಗೋಡೌನು. ಎಷ್ಟು ಬ್ಯಾರೆಲ್ ಬಂತು, ಯಾರು ಎಷ್ಟು ಹೊತ್ತು ನಿಂತರು ಅನ್ನೋದಕ್ಕೆ ಒಂದು ಹಾಳೆಯೂ ಇಲ್ಲ. ಮುಖಕ್ಕೆ ಕಟ್ಟಿಕೊಳ್ಳೋಕೆ ಏನು ಕೊಟ್ಟಿದ್ದರು ಅಂದೆ. “ಬನೀನ್ ಬಟ್ಟೆ” ಅಂದರು. ನನಗೆ ಸಿಟ್ಟು ಬಂತು. ಅವರಿಗೆ ಬರಲಿಲ್ಲ. “ಓನರ್ರೂ ಅಲ್ಲೇ ಪಕ್ಕದಲ್ಲಿ ಕೂತು ಬಿಲ್ಲು ಬರೀತಿದ್ದ ಕಣೋ. ಅವನಿಗೂ ಗೊತ್ತಿರಲಿಲ್ಲ. ಈ ಮನೆ ಎದ್ದಿದ್ದು ಆ ಸಂಬಳದಲ್ಲೇ.”

ಹಾಗಾದರೆ ಟ್ಯಾಂಕೇ ಕಾರಣವಾ? ಹಾಗೆ ಹೇಳೋಕೆ ಬರಲ್ಲ. ಬೀಡಿ ಇದೆ, ಬಿಪಿ ಇದೆ, ಟ್ಯಾಂಕ್ ಇದೆ, ಬಾಲ್ಯದಲ್ಲಿ ಸುಮ್ಮನೆ ಬಿದ್ದ ಒಂದು ತಪ್ಪು ಹೆಜ್ಜೆ ಇದೆ. ಈ ಮೂರೂ ಇದ್ದು ಏನೂ ಆಗದವರಿದಾರೆ, ಮೂರೂ ಇಲ್ಲದೆ ಬಂದವರಿದಾರೆ. ಸಾವಿರ ಜನರ ಲೆಕ್ಕದಲ್ಲಿ ಉತ್ತರ ಸಿಗುತ್ತೆ, ಒಬ್ಬ ಮನುಷ್ಯನ ಲೆಕ್ಕದಲ್ಲಿ ಸಿಗಲ್ಲ.

ಡಿಎನ್‌ಎಯಲ್ಲೇ ಗುರುತು ಹುಡುಕುವ ಪ್ರಯತ್ನ ನಡೀತಿದೆ. ಒಂದೊಂದು ವಿಷವೂ ಒಂದೊಂದು ಥರದ ಗೀರು ಬಿಡುತ್ತೆ, ಬೆರಳಚ್ಚಿನ ಹಾಗೆ. 11 ದೇಶಗಳ 962 ಜನರ ಕಿಡ್ನಿ ಗಡ್ಡೆಗಳನ್ನು ಹೀಗೆ ಓದಿ 2024ರಲ್ಲಿ ಪ್ರಕಟಿಸಿದರು. ಜಪಾನಿನ ಗಡ್ಡೆಗಳಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚಿನವುಗಳಲ್ಲಿ ಒಂದು ಗುರುತು ಇತ್ತು, ಬೇರೆ ದೇಶಗಳಲ್ಲಿ ಅದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಆ ಬೆರಳಚ್ಚು ಯಾರದು ಅಂತ ಆ ಸಂಶೋಧಕರಿಗೂ ಹೇಳಲಾಗಲಿಲ್ಲ! ರೊಮೇನಿಯಾ, ಸರ್ಬಿಯಾ, ಥಾಯ್ಲೆಂಡಿನ ಗಡ್ಡೆಗಳಲ್ಲಿ ಸಿಕ್ಕಿದ ಇನ್ನೊಂದು ಗುರುತಿನ ಒಡೆಯ ಮಾತ್ರ ಗೊತ್ತಿದ್ದವನೇ. ಅವನ ಕಥೆ ಕೇಳಿ.

*

ಸೋದರತ್ತೆ ಎರಡನೇ ಸಲ ಬಂದಾಗ ಒಂದು ಡಬ್ಬಿ ತಂದಿದ್ದರು. “ಕಿಡ್ನಿ ಶುದ್ಧಿ” ಪುಡಿ. ಯಾರೋ ಕೊಟ್ಟಿದ್ದು, ಚೀಟಿ ಇಲ್ಲ, ಏನು ಹಾಕಿದಾರೆ ಅಂತ ಇಲ್ಲ. “ಗಿಡಮೂಲಿಕೆ ತಾನೇ, ಏನೂ ಆಗಲ್ಲ” ಅಂದರು.

1990ರ ದಶಕದ ಶುರುವಿನಲ್ಲಿ ಬ್ರಸೆಲ್ಸ್‌ನ ಒಂದು ಕಡೆ ತೂಕ ಇಳಿಸೋಕೆ ಅಂತ ಹೆಂಗಸರಿಗೆ ಗಿಡಮೂಲಿಕೆ ಮಾತ್ರೆ ಕೊಡ್ತಿದ್ದರು. ಅದರಲ್ಲಿ ಒಂದು ಚೀನೀ ಬೇರಿನ ಬದಲು ಇನ್ನೊಂದು ಬೇರು ಸೇರಿಕೊಂಡಿತ್ತು, ಅರಿಸ್ಟೊಲೋಕಿಯಾ ಜಾತಿಯದು. ನೂರರ ಹತ್ತಿರ ಹೆಂಗಸರ ಕಿಡ್ನಿ ಕೆಟ್ಟವು. ಮುಂಜಾಗ್ರತೆಗೆ ಅಂತ ಕಿಡ್ನಿ ಮತ್ತು ಮೂತ್ರನಾಳ ತೆಗೆಸಿಕೊಂಡ 39 ಜನರಲ್ಲಿ 18 ಜನರಿಗೆ ಮೂತ್ರನಾಳದ ಒಳಪದರದಲ್ಲಿ ಆಗಲೇ ಕ್ಯಾನ್ಸರ್ ಇತ್ತು. ಡ್ಯಾನ್ಯೂಬ್ ನದಿಯ ಕಡೆಯ ಹಳ್ಳಿಗಳಲ್ಲಿ ದಶಕಗಳಿಂದ ಅರ್ಥವಾಗದೆ ಇದ್ದ ಕಿಡ್ನಿ ಕಾಯಿಲೆಗೂ ಇದೇ ಜಾತಿಯ ಕಳೆಗಿಡ ಕಾರಣ. ಅದರ ಬೀಜ ಗೋಧಿಯ ಜೊತೆ ಸೇರಿ ಬ್ರೆಡ್ಡಿಗೆ ಬಂದಿತ್ತು.

ಇದರ ನೆಂಟ ನಮ್ಮಲ್ಲೂ ಇದೆ. ಈಶ್ವರಿ ಬಳ್ಳಿ, ಈಶ್ವರಬೇರು ಅಂತ ಹಳ್ಳಿ ಕಡೆ ಹಾವು ಕಡಿತಕ್ಕೆ ಹೇಳ್ತಾರಲ್ಲ, ಅದು ಇದೇ ಕುಲ. ನಮ್ಮ ರಾಜ್ಯದ ಚಿಟ್ಟೆ ಸಹ್ಯಾದ್ರಿ ಬರ್ಡ್‌ವಿಂಗ್‌ನ ಮರಿಹುಳುಗಳು ಈ ಕುಟುಂಬದ ಎಲೆಗಳನ್ನೇ ತಿಂದು, ಆ ವಿಷವನ್ನು ಮೈಯಲ್ಲಿ ಇಟ್ಟುಕೊಂಡು ಹಕ್ಕಿಗಳಿಂದ ಬಚಾವಾಗ್ತವೆ. ಚಿಟ್ಟೆಗೆ ಅದು ರಕ್ಷೆ, ನಮ್ಮ ಕಿಡ್ನಿಗೆ ವಿಷ. ಅತ್ತೆ ತಂದ ಡಬ್ಬಿಯಲ್ಲಿ ಅದಿತ್ತು ಅಂತ ನಾನು ಹೇಳ್ತಿಲ್ಲ. ಏನಿದೆ ಅಂತ ಬರೆಯದ ಡಬ್ಬಿಯನ್ನು, ಒಂದೂ ಮುಕ್ಕಾಲು ಕಿಡ್ನಿ ಉಳಿದಿರುವ ಮನುಷ್ಯನಿಗೆ ಕೊಡಬಾರದು ಅಷ್ಟೇ. ಅತ್ತೆಗೆ ಬೇಜಾರಾಯ್ತು. ಚಿಟ್ಟೆ ಕಥೆ ಹೇಳಿದ್ದಕ್ಕೆ ಸ್ವಲ್ಪ ಸಮಾಧಾನ ಆದ ಹಾಗಿತ್ತು.

*

ತಂಗಿಯ ಪ್ರಶ್ನೆಗೆ ಬರ್ತೀನಿ. ಕಿಡ್ನಿ ಕ್ಯಾನ್ಸರಿನಲ್ಲಿ ನಿಜವಾಗಿ ವಂಶವಾಹಿಯಾದವು ನೂರಕ್ಕೆ ಐದು ಚಿಲ್ಲರೆ. ಐವತ್ತರೊಳಗೇ ಬಂದರೆ, ಎರಡೂ ಕಿಡ್ನಿಯಲ್ಲಿ ಅಥವಾ ಒಂದರಲ್ಲೇ ಹಲವು ಗಡ್ಡೆ ಇದ್ದರೆ, ಮನೆಯಲ್ಲಿ ಇನ್ನೂ ಯಾರಿಗಾದರೂ ಇದ್ದರೆ ಡಾಕ್ಟರುಗಳು ಜೀನ್ ಪರೀಕ್ಷೆ ಮಾಡಿಸಿ ಅಂತಾರೆ. ಚಿಕ್ಕಪ್ಪನ ವಿಷಯದಲ್ಲಿ ಇದ್ಯಾವುದೂ ಇಲ್ಲ, ಬೇಕಿಲ್ಲ ಅಂದರು. ಹತ್ತಿರದ ರಕ್ತಸಂಬಂಧಿಗಳಿಗೆ ಮಿಕ್ಕವರಿಗಿಂತ ಅಪಾಯ ಸ್ವಲ್ಪ ಜಾಸ್ತಿ ಅನ್ನೋದು ನಿಜ. ಆದರೆ ಮೂಲತಃ ಸಣ್ಣದಾದ ಸಂಖ್ಯೆ ಸ್ವಲ್ಪ ದೊಡ್ಡದಾದರೂ ಸಣ್ಣದೇ. ಇದನ್ನೇ ಅವಳಿಗೂ ಹೇಳಿದೆ. ಎಂ.ಕಾಂ. ಹುಡುಗಿ, ಲೆಕ್ಕ ಅರ್ಥ ಆಯ್ತು. ನನಗೂ ನಮ್ಮಪ್ಪನಿಗೂ ಅದೇ ಮಾತು. ಈ ಸಲ ಆಫೀಸಿನ ಹೆಲ್ತ್ ಚೆಕಪ್ಪಿನಲ್ಲಿ ನನ್ನ ಬಿಪಿ 138/90 ಬಂತು. ಆರು ತಿಂಗಳಿಗೊಮ್ಮೆ ನೋಡ್ತೀವಿ ಅಂದಿದಾರೆ. ಸಂಜೆ ವಾಕಿಂಗ್ ಶುರುವಾಗಿದೆ.

ಚಿಕ್ಕಮ್ಮನಿಗೆ ಏನು ಹೇಳಿದೆ? ಉಪ್ಪು ಜಾಸ್ತಿಯಾದರೆ ಬಿಪಿ ಏರುತ್ತೆ, ಅದು ಸುಳ್ಳಲ್ಲ. ಹಾಗಂತ ಉಪ್ಪಿನಕಾಯಿ ಜಾಡಿಯಿಂದ ಗಡ್ಡೆಗೆ ನೇರವಾಗಿ ಗೆರೆ ಎಳೆಯೋಕಾಗಲ್ಲ. ಅದಕ್ಕಿಂತ ದೊಡ್ಡ ವಿಷಯ ಒಂದಿತ್ತು, ಅದನ್ನು ಹೇಳಿದ್ದು ಚಿಕ್ಕಪ್ಪನೇ. ಹನ್ನೊಂದು ವರ್ಷದ ಹಿಂದೆ ಬಿಪಿ ಗೊತ್ತಾದಾಗ ಅವರು ಮಾತ್ರೆ ಬೇಡ ಅಂತ ಹಠ ಹಿಡಿದಿದ್ದರಂತೆ. ಅವತ್ತಿನಿಂದ ದಿನಾ ಬೆಳಿಗ್ಗೆ ತಿಂಡಿ ತಟ್ಟೆಯ ಪಕ್ಕದಲ್ಲಿ ಮಾತ್ರೆ, ನೀರಿನ ಲೋಟ ಇಟ್ಟು, ನುಂಗೋ ತನಕ ಅಲ್ಲೇ ನಿಂತಿರ್ತಿದ್ದವರು ಚಿಕ್ಕಮ್ಮ. ಬೀಡಿ ಬಿಡಿಸಿದ್ದೂ ಅವರೇ, “ಮಗೂನ ಎತ್ಕೋಬೇಕು ಅಂದ್ರೆ ಬಾಯಿ ವಾಸನೆ ಬರಬಾರದು” ಅಂತ. ಬಿಪಿ, ಬೀಡಿ ಎರಡೂ ಪಟ್ಟಿಯಲ್ಲಿ ಇವೆ ನೋಡಿ. ಈ ಕಾಯಿಲೆಯ ವಿರುದ್ಧ ಆ ಮನೆಯಲ್ಲಿ ವರ್ಷಾನುಗಟ್ಟಲೆ ಕೆಲಸ ಮಾಡಿದವರು ಯಾರಾದರೂ ಇದ್ದರೆ ಅದು ಚಿಕ್ಕಮ್ಮ ಒಬ್ಬರೇ. ಇದನ್ನು ಸೋದರತ್ತೆಯ ಎದುರಿಗೇ ಹೇಳಿದೆ. ಚಿಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, “ಸಾಕು ಬಿಡಪ್ಪ, ಊಟಕ್ಕೇಳಿ” ಅಂದರು.

ಕೊನೆಯದಾಗಿ ಎರಡು ಮಾತು. ಮೂತ್ರದಲ್ಲಿ ರಕ್ತ ಒಂದೇ ಸಲ ಕಂಡರೂ, ನೋವಿಲ್ಲದಿದ್ದರೂ, ತಾನೇ ನಿಂತುಹೋದರೂ ಡಾಕ್ಟರ ಹತ್ತಿರ ಹೋಗಿ. ಹಾಗಂತ ಎಲ್ಲರೂ ಸ್ಕ್ಯಾನಿಗೆ ಓಡಬೇಕಾಗಿಲ್ಲ, ತೊಂದರೆ ಇಲ್ಲದ ಎಲ್ಲರಿಗೂ ಇದರ ತಪಾಸಣೆ ಮಾಡಿ ಅಂತ ಡಾಕ್ಟರುಗಳು ಹೇಳಲ್ಲ. ಈಗ ಅರ್ಧಕ್ಕಿಂತ ಹೆಚ್ಚು ಕಿಡ್ನಿ ಗಡ್ಡೆಗಳು ಚಿಕ್ಕಪ್ಪನ ಹಾಗೆ ಬೇರೇನೋ ನೋಡೋಕೆ ಹೋದಾಗ ಸಿಗ್ತವೆ. ಕಿಡ್ನಿಯೊಳಗೇ ಇದ್ದಾಗ ಸಿಕ್ಕರೆ ಹತ್ತರಲ್ಲಿ ಒಂಬತ್ತು ಜನ ಐದು ವರ್ಷ ದಾಟ್ತಾರೆ.

ಇನ್ನೊಂದು. ನಮ್ಮ ನಿಮ್ಮ ಅಪ್ಪ, ಚಿಕ್ಕಪ್ಪ, ಮಾವಂದಿರು ಪೀಣ್ಯದಲ್ಲೋ ರಾಜಾಜಿನಗರದಲ್ಲೋ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ ಕೆಲಸ ಮಾಡಿದವರು ಇರ್ತಾರೆ. ಈ ಭಾನುವಾರ ಒಮ್ಮೆ ಕೂರಿಸಿಕೊಂಡು ಕೇಳಿ: ಯಾವ ಮೆಷಿನ್ನು, ಯಾವ ಟ್ಯಾಂಕು, ಎಷ್ಟು ವರ್ಷ, ವಾಸನೆ ಹೇಗಿತ್ತು ಅಂತ. ಒಂದು ಹಾಳೆಯಲ್ಲಿ ಬರೆದು ಮೆಡಿಕಲ್ ಫೈಲಿನಲ್ಲಿ ಇಟ್ಟುಬಿಡಿ. ಕಾರ್ಖಾನೆಗಳು ಆ ಲೆಕ್ಕ ಇಟ್ಟಿಲ್ಲ. ನಾವಾದರೂ ಇಡೋಣ.